ಬೆಟ್ಟ ದಾಟಿ ಕಡಲಿಗೆ

ನಮ್ಮ ವಿಶ್ವವಿದ್ಯಾನಿಲಯಗಳ ಕ್ರೀಡಾ ವಿಭಾಗದವರು ‘ಕ್ರಾಸ್ ಕಂಟ್ರಿ’ ಎಂಬ ಸ್ಪರ್ಧೆಗೆ ‘ಗುಡ್ಡಗಾಡು ಓಟ’ ಎಂದು ಹೆಸರಿಟ್ಟಿದ್ದಾರೆ. ಹೆಸರೇನೋ ಸೊಗಸಾಗಿದೆ. ಆದರೆ ಬಯಲುಸೀಮೆಯ ಕಾಲೇಜುಗಳಲ್ಲಿ ಈ ಓಟಕ್ಕೆ ಗುಡ್ಡವೂ ಇರುವುದಿಲ್ಲ, ಕಾಡೂ ಇರುವುದಿಲ್ಲ. ಕಾಲೇಜಿನ ಗೇಟಿನಿಂದ ಹೊರಟು, ಡಾಂಬರು ರಸ್ತೆ ಹಿಡಿದು, ಊರಾಚೆಯ ಕೆರೆ ಏರಿಯ ತನಕ ಓಡಿ ಹಿಂತಿರುಗಿದರೆ ಗುಡ್ಡಗಾಡು ಮುಗಿಯಿತು. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಪದಕ್ಕೂ ಪದಾರ್ಥಕ್ಕೂ ನಡುವೆ ಬಿದ್ದಿರುವ ಈ ಅಂತರ ವಿನೋದವಾಗಿ ಕಾಣುತ್ತದೆ. ಈ ಹೆಸರಿಗೆ ನಿಜವಾಗಿ ತಕ್ಕುದಾದ ಓಟವೊಂದು ಭೂಮಿಯ ಇನ್ನೊಂದು ಮಗ್ಗುಲಲ್ಲಿ ನೂರಿಪ್ಪತ್ತು ವರ್ಷಗಳಿಂದ ನಡೆದು ಬಂದಿದೆ. ಅದರ ಚರಿತ್ರೆಯಲ್ಲಿ ಕಾಲಿನ ಕಸುವಿಗಿಂತ ಮಿಗಿಲಾದ ವಿಚಾರವೂ ಕೆಲವು ಉಂಟು. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಉತ್ತರಕ್ಕೆ, ಗೋಲ್ಡನ್ ಗೇಟ್ ಎಂಬ ಜಲಸಂಧಿಯ ಆಚೆಗೆ ಟಮಲ್‌ಪೈಸ್ ಎಂಬ ಬೆಟ್ಟವಿದೆ. ಎತ್ತರ 2,571 ಅಡಿ. ನಂದಿ ದುರ್ಗವನ್ನು ಕಂಡವರಿಗೆ ಇದೇನು ದೊಡ್ಡದು ಎನ್ನಿಸಬಹುದು. ಆದರೆ ನಮ್ಮ ನಂದಿಯ ಬುಡವೇ ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲಿದೆ. ಟಮಲ್‌ಪೈಸ್ ಹಾಗಲ್ಲ. ಅದರ ಪಾದವನ್ನು ಪೆಸಿಫಿಕ್ ಸಾಗರವೇ ತೊಳೆಯುತ್ತದೆ. ಬೆಟ್ಟದ ಒಳಮಗ್ಗುಲಲ್ಲಿ ಮಿಲ್ ವ್ಯಾಲಿ ಎಂಬ ಪುಟ್ಟ ಊರು, ಹೊರಮಗ್ಗುಲಲ್ಲಿ ಸ್ಟಿನ್ಸನ್ ಬೀಚ್ ಎಂಬ ಮರಳ ದಂಡೆ. ಇವೆರಡರ ನಡುವೆ ಕಣಿವೆಗಿಳಿದು, ಕಾಡು ಹೊಕ್ಕು, ದಿಣ್ಣೆ ಹತ್ತಿ, ಮತ್ತೆ ಕಡಲಿಗಿಳಿಯುವ ಕಾಲುದಾರಿಯ ಉದ್ದ ಏಳೂವರೆ ಮೈಲಿ. ಅಷ್ಟರಲ್ಲಿ ಹತ್ತಬೇಕಾದ ಏರು ಒಟ್ಟು 2,200 ಅಡಿಗಳಷ್ಟು. ಆರಂಭದಲ್ಲಿಯೇ ಸುಮಾರು 700 ಮೆಟ್ಟಿಲುಗಳು ಎದುರಾಗುತ್ತವೆ. ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ನೋಡಿದ ಮೈಸೂರಿನವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಈ ದಾರಿಯಲ್ಲಿ ನಡೆಯುವ ಪಂದ್ಯವೇ ‘ಡಿಪ್‌ಸೀ’ ಓಟ.

ಈ ನೆಲದ ಮೊದಲ ಒಡೆಯರು ಕೋಸ್ಟ್ ಮಿವೊಕ್ ಎಂಬ ಮೂಲನಿವಾಸಿಗಳು. ಬೆಟ್ಟದ ಹೆಸರೂ ಅವರ ಮಾತಿನಿಂದಲೇ ಬಂದುದು. 1830ರ ದಶಕದಲ್ಲಿ ಜಾನ್ ರೀಡ್ ಎಂಬ ಐರ್ಲೆಂಡಿನವನು ಇಲ್ಲಿಯ ಹಳ್ಳದ ಬದಿಯಲ್ಲಿ ಮರ ಕೊಯ್ಯುವ ಗಿರಣಿ ಕಟ್ಟಿದ. ಮಿಲ್ ವ್ಯಾಲಿ, ಎಂದರೆ ‘ಗಿರಣಿ ಕಣಿವೆ’, ಎಂಬ ಹೆಸರಿಗೆ ಆ ಗಿರಣಿಯೇ ಮೂಲ. 1849ರ ಚಿನ್ನದ ಹುಚ್ಚಿನ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ರಾತ್ರಿ ಬೆಳಗಾಗುವುದರೊಳಗೆ ಬೆಳೆಯಿತು. ಆ ನಗರದ ಮನೆಗಳಿಗೆ ತೊಲೆ ಹಲಗೆಗಳಾಗಿ ಹೋದುದು ಸುತ್ತಣ ಬೆಟ್ಟಗಳ ರೆಡ್‌ವುಡ್ ಮರಗಳು. ಮುನ್ನೂರು ಅಡಿಯನ್ನೂ ಮೀರಿ ಬೆಳೆಯುವ, ಸಾವಿರ ವರ್ಷಗಳನ್ನೂ ದಾಟಿ ಬದುಕುವ ವೃಕ್ಷಜಾತಿ ಅದು. ಶತಮಾನ ತಿರುಗುವ ಹೊತ್ತಿಗೆ ಸಮೀಪದ ಕಣಿವೆಗಳೆಲ್ಲ ಬೋಳಾಗಿ, ಕೊಡಲಿಗೆ ಸುಲಭವಾಗಿ ಎಟುಕದ ಒಂದು ಮಡಿಲಿನಲ್ಲಿ ಮಾತ್ರ ಹಳೆಯ ಕಾಡು ಉಳಿದಿತ್ತು. ಡಿಪ್‌ಸೀ ದಾರಿ ಆ ಮಡಿಲಿನ ಅಂಚನ್ನು ಹಾದೇ ಹೋಗುತ್ತದೆ.

ಆಗಿನ್ನೂ ಜಲಸಂಧಿಗೆ ಸೇತುವೆ ಇರಲಿಲ್ಲ. ಅದು ಬಂದುದು 1937ರಲ್ಲಿ. ನಗರದ ಜನ ಭಾನುವಾರಗಳಂದು ದೋಣಿಯಲ್ಲಿ ಕೊಲ್ಲಿ ದಾಟಿ, ರೈಲು ಹತ್ತಿ ಮಿಲ್ ವ್ಯಾಲಿಗೆ ಬಂದು, ಬುತ್ತಿ ಕಟ್ಟಿಕೊಂಡು ಬೆಟ್ಟ ಸುತ್ತುತ್ತಿದ್ದರು. 1904ರಲ್ಲಿ ಆಚೆಯ ಕಡಲ ದಂಡೆಯ ಮೇಲೆ ‘ಡಿಪ್‌ಸೀ ಇನ್’ ಎಂಬ ಹೊಸ ವಸತಿಗೃಹವೊಂದು ತೆರೆಯಿತು. ನಗರದಲ್ಲಿ ಒಲಿಂಪಿಕ್ ಕ್ಲಬ್ ಎಂಬ ಹಳೆಯ ವ್ಯಾಯಾಮ ಸಂಸ್ಥೆ ಉಂಟು, ಸ್ಥಾಪನೆಯಾದುದು 1860ರಲ್ಲಿ. ಅದರ ಸದಸ್ಯರ ಗುಂಪೊಂದರಲ್ಲಿ ಮಾತಿಗೆ ಮಾತು ಬೆಳೆದು, ಮಿಲ್ ವ್ಯಾಲಿಯಿಂದ ಆ ವಸತಿಗೃಹಕ್ಕೆ ಬೆಟ್ಟ ದಾಟಿ ಮೊದಲು ಯಾರು ಮುಟ್ಟುತ್ತಾರೆ ಎಂದು ಪಣ ಕಟ್ಟಿದರು. ಚಾರ್ಲ್ಸ್ ಬೋಸ್ ಮತ್ತು ಆಲ್ಫನ್ಸ್ ಕೋನಿ ಎಂಬಿಬ್ಬರು ಓಡಿದರು, ಬೋಸ್ ಗೆದ್ದ. ಅಂದಿನ ಸಂಭ್ರಮ ಅಂದಿಗೇ ಮುಗಿಯಬಹುದಿತ್ತು. ಆದರೆ ಗೆಳೆಯರಿಗೆ ರುಚಿ ಹತ್ತಿತು. ಇದನ್ನು ಎಲ್ಲರೂ ಓಡಬಲ್ಲ ವಾರ್ಷಿಕ ಪಂದ್ಯವಾಗಿ ಮಾಡೋಣ ಎಂದು ನಿಶ್ಚಯಿಸಿ, 1905ರ ನವೆಂಬರ್ 19ರಂದು ಮೊದಲನೆಯ ಡಿಪ್‌ಸೀ ಓಟವನ್ನು ನಡೆಸಿಯೇಬಿಟ್ಟರು. ಮರುವರ್ಷದ ಏಪ್ರಿಲಿನಲ್ಲಿ ಭೂಕಂಪವೂ ಬೆಂಕಿಯೂ ಕೂಡಿ ನಗರವನ್ನು ನೆಲಸಮ ಮಾಡಿದವು. ಆ ವರ್ಷವೂ ಓಟ ನಿಲ್ಲಲಿಲ್ಲ.

ಈ ಪಂದ್ಯದ ವೈಶಿಷ್ಟ್ಯ ಮೊದಲ ವರ್ಷದಿಂದಲೂ ಒಂದೇ: ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಬಲ ಕಡಿಮೆಯೆಂದು ತೋರಿದವರನ್ನು ಮೊದಲು ಬಿಟ್ಟು, ಬಲಶಾಲಿಗಳನ್ನು ಕೊನೆಗೆ ಬಿಡುತ್ತಾರೆ. ಯಾರು ಮೊದಲು ಕಡಲ ದಂಡೆಯನ್ನು ಮುಟ್ಟುತ್ತಾರೋ ಅವರೇ ವಿಜಯಿ. 1905ರಲ್ಲಿ ಗೆದ್ದ ಜಾನ್ ಹಸಾರ್ಡ್ ಹದಿನೆಂಟು ವರ್ಷದ ಶಾಲಾ ವಿದ್ಯಾರ್ಥಿ; ಅವನಿಗೆ ಹತ್ತು ನಿಮಿಷಗಳ ಮುಂಚಿತ ಆರಂಭ ದೊರೆತಿತ್ತು. ಆಗೆಲ್ಲ ಯಾರಿಗೆ ಎಷ್ಟು ನಿಮಿಷ ಎಂಬುದನ್ನು ಓಟಗಾರನ ಹಿಂದಿನ ಸಾಧನೆ ನೋಡಿ ಅಧಿಕಾರಿಗಳು ಗೊತ್ತುಮಾಡುತ್ತಿದ್ದರು. ಮನುಷ್ಯರು ಗೊತ್ತುಮಾಡುವ ವ್ಯವಸ್ಥೆಯಲ್ಲಿ ಗೊಣಗಾಟಕ್ಕೆ ಕೊರತೆಯೆ? ತನ್ನ ಶಕ್ತಿಯನ್ನು ಹೆಚ್ಚಾಗಿ ಅಂದಾಜು ಮಾಡಿದರೆಂದು ಬಲಶಾಲಿಗೆ ಅಸಮಾಧಾನ, ಪಕ್ಕದವನದನ್ನು ಕಡಿಮೆ ಅಂದಾಜು ಮಾಡಿದರೆಂದು ಉಳಿದವರಿಗೆ ಅಸಮಾಧಾನ. ಆದಕಾರಣ 1960ರ ದಶಕದ ಮಧ್ಯದಲ್ಲಿ ವ್ಯಕ್ತಿಗಳ ಅಂದಾಜನ್ನು ಬಿಟ್ಟು ವಯಸ್ಸನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ಮುಂದೆ ಹೆಂಗಸರೂ ಕೂಡಿದ ಮೇಲೆ ವಯಸ್ಸು, ಲಿಂಗ ಎರಡನ್ನೂ ನೋಡುವ ಪದ್ಧತಿ ನೆಲೆಯಾಯಿತು. ಈಗ ತೀರ ಎಳೆಯರೂ ತೀರ ಹಿರಿಯರೂ ಮೊದಲು ಹೊರಡುತ್ತಾರೆ. ಇಪ್ಪತ್ತು ಇಪ್ಪತ್ತೈದರ ಹುಡುಗರು ಇಪ್ಪತ್ತೈದು ನಿಮಿಷ ಕಾದು ನಿಂತು ಕೊನೆಗೆ ಹೊರಡುತ್ತಾರೆ. ಒಮ್ಮೆ ಗೆದ್ದವರಿಗೆ ಮರುವರ್ಷದ ರಿಯಾಯಿತಿಯಲ್ಲಿ ಕಡಿತ ಉಂಟು.

ಇದರ ಫಲವೇನಾಯಿತೆಂಬುದಕ್ಕೆ ಎರಡು ನಿದರ್ಶನ ಸಾಕು. 2010ರಲ್ಲಿ ಗೆದ್ದವಳು ಎಂಟು ವರ್ಷದ ಬಾಲಕಿ. 2012ರಲ್ಲಿ ಗೆದ್ದ ಹಾನ್ಸ್ ಶ್ಮಿಡ್ ಎಂಬವರಿಗೆ ಎಪ್ಪತ್ತೆರಡು. ನಾರ್ಮನ್ ಬ್ರೈಟ್ ಎಂಬ ಪ್ರಸಿದ್ಧ ಓಟಗಾರನ ಕಥೆ ಇನ್ನೂ ಸ್ವಾರಸ್ಯದ್ದು. ಇಪ್ಪತ್ತೇಳರ ಪ್ರಾಯದಲ್ಲಿ, 1937ರಲ್ಲಿ, ಈ ದಾರಿಯಲ್ಲಿ ದಾಖಲೆಯ ವೇಗದಲ್ಲಿ ಓಡಿದಾತ, ಓಟವನ್ನು ಗೆದ್ದುದು 1970ರಲ್ಲಿ, ತನ್ನ ಅರುವತ್ತನೆಯ ವಯಸ್ಸಿನಲ್ಲಿ!

ಓಟ ಹುಟ್ಟಿದ 1905ನೆಯ ಇಸವಿಯಲ್ಲಿಯೇ ಆ ಕಾಡಿನ ಭಾಗ್ಯವೂ ತಿರುಗಿತೆಂಬುದು ಗಮನಿಸತಕ್ಕ ಸಂಗತಿ. ಅದನ್ನು ಉಳಿಸಬೇಕೆಂದು ಮೊದಲು ದನಿಯೆತ್ತಿದವರಲ್ಲಿ ಕ್ಯಾಲಿಫೋರ್ನಿಯ ಕ್ಲಬ್ ಎಂಬ ಮಹಿಳಾ ಸಂಘದವರು ಪ್ರಮುಖರು. 1905ರಲ್ಲಿ ವಿಲಿಯಂ ಕೆಂಟ್ ಎಂಬ ಧನಿಕ ಆ ಕಣಿವೆಯನ್ನು 45,000 ಡಾಲರಿಗೆ ಕೊಂಡುಕೊಂಡ. ಎರಡು ವರ್ಷ ಕಳೆಯುವುದರೊಳಗೆ ನೀರು ಸರಬರಾಯಿಯ ಕಂಪನಿಯೊಂದು ಅಲ್ಲಿ ಅಣೆಕಟ್ಟು ಕಟ್ಟುವುದಕ್ಕಾಗಿ ಕಾನೂನಿನ ಬಲದಿಂದ ಆ ನೆಲವನ್ನು ವಶಪಡಿಸಿಕೊಳ್ಳಲು ಹೊರಟಿತು. ಕಟ್ಟಿದ್ದರೆ ಮರಗಳೆಲ್ಲ ಮುಳುಗುತ್ತಿದ್ದವು. ಕೆಂಟ್ ಉಪಾಯಗಾರ. 295 ಎಕರೆ ಕಾಡನ್ನು ಕೇಂದ್ರ ಸರ್ಕಾರಕ್ಕೆ ದಾನವಾಗಿ ಬರೆದುಕೊಟ್ಟ. ಸರ್ಕಾರದ ಸೊತ್ತನ್ನು ಕಂಪನಿ ಮುಟ್ಟುವಂತಿರಲಿಲ್ಲ. 1908ರ ಜನವರಿ 9ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದ. ಕಾಡಿಗೆ ನಿಮ್ಮ ಹೆಸರನ್ನೇ ಇಡಬಹುದಲ್ಲ ಎಂದು ಅಧ್ಯಕ್ಷ ಬರೆದಾಗ, ನನ್ನ ಹೆಸರನ್ನು ಉಳಿಸಲು ಮಕ್ಕಳಿದ್ದಾರೆ, ಅವರಿಂದಾಗದಿದ್ದರೆ ಅದು ಮರೆತುಹೋಗಲಿ ಎಂಬರ್ಥದ ಉತ್ತರ ಕೊಟ್ಟು, ನಿಸರ್ಗಪ್ರೇಮಿ ಜಾನ್ ಮ್ಯೂರ್ ಅವರ ಹೆಸರೇ ಇರಲಿ ಎಂದ. ಅದೇ ಇಂದಿನ ಮ್ಯೂರ್ ವುಡ್ಸ್.

ದಾನಿಯ ಚಿತ್ರವನ್ನು ಅರ್ಧ ಬರೆದು ಬಿಡುವುದು ಚರಿತ್ರೆಗೆ ಒಪ್ಪತಕ್ಕದ್ದಲ್ಲ. ಇದೇ ಕೆಂಟ್ ಮುಂದೆ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾಗಿ, ರಾಷ್ಟ್ರೀಯ ಉದ್ಯಾನಗಳ ಇಲಾಖೆ ಸ್ಥಾಪನೆಯಾಗಲು ದುಡಿದ. ಏಷ್ಯದವರು ತನ್ನ ನಾಡಿಗೆ ವಲಸೆ ಬರಬಾರದೆಂದು ಬಲವಾಗಿ ವಾದಿಸಿದ ರಾಜಕಾರಣಿಯೂ ಅವನೇ. ಆ ಬಗೆಯ ವಾದದ ಗಾಳಿಯಲ್ಲಿಯೇ 1917ರ ಕಾನೂನು ಬಂದು ಭಾರತೀಯರಿಗೆ ಅಮೆರಿಕದ ಬಾಗಿಲು ಮುಚ್ಚಿತು. ಮರಕ್ಕೆ ಮರುಗಿದ ಮನಸ್ಸು ಮನುಷ್ಯನಿಗೆ ಮರುಗಲಿಲ್ಲ. ಇಂದು ಭಾನುವಾರ ಆ ಕಾಡಿಗೆ ಹೋದರೆ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಸ್ಯಾನ್ ಹೋಸೆಯ ಸುತ್ತ ನೆಲೆಸಿರುವ ನಮ್ಮವರು ಪುಳಿಯೋಗರೆ ಮೊಸರನ್ನದ ಡಬ್ಬಿಗಳೊಡನೆ ಅಲ್ಲಿಗೆ ಹೊರಡುತ್ತಾರೆ. ಕೆಂಟನ ಕಾಡು ಕೆಂಟನಿಗಿಂತ ಉದಾರಿಯಾಯಿತು.

1928ರಲ್ಲಿ ತಾನು ಸಾಯುವುದಕ್ಕೆ ಮುನ್ನ ಆತ ‘ಸ್ಟೀಪ್ ರವೀನ್’ ಎಂಬ ಕಡಿದಾದ ಕಮರಿಯನ್ನೂ ರಾಜ್ಯಕ್ಕೆ ಕೊಟ್ಟ. 1912ರಿಂದ ಬೆಟ್ಟದ ರಕ್ಷಣೆಗಾಗಿ ದುಡಿಯುತ್ತಿದ್ದ ನಡಿಗೆಗಾರರ ಸಂಘದ ಪ್ರಯತ್ನವೂ ಇದಕ್ಕೆ ಕೂಡಿ, ಟಮಲ್‌ಪೈಸ್ ರಾಜ್ಯ ಉದ್ಯಾನ ರೂಪುಗೊಂಡಿತು. ಆರ್ಥಿಕ ಮುಗ್ಗಟ್ಟಿನಿಂದಾಗಿ 1932, 1933ರಲ್ಲಿ ಓಟ ನಡೆಯಲಿಲ್ಲ. ಆದರೆ ಅದೇ ಮುಗ್ಗಟ್ಟಿನ ಕಾಲದಲ್ಲಿ ಸರ್ಕಾರ ನಿರುದ್ಯೋಗಿ ತರುಣರಿಗೆ ಕೆಲಸ ಕೊಟ್ಟು ಈ ಬೆಟ್ಟದ ಕಾಲುದಾರಿಗಳನ್ನು ಹಸನುಗೊಳಿಸಿತು. ಯುದ್ಧದ ದೆಸೆಯಿಂದ 1942ರಿಂದ 1945ರವರೆಗೆ ಮತ್ತೆ ಓಟ ನಿಂತಿತು. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದನ್ನು ರಚಿಸಲು ರಾಷ್ಟ್ರಗಳ ಪ್ರತಿನಿಧಿಗಳು ನೆರೆದಿದ್ದರಷ್ಟೆ. ಮೇ 19ರಂದು ಅವರು ಮ್ಯೂರ್ ವುಡ್ಸ್‌ನ ಮರಗಳಡಿ ಸೇರಿ, ಆಗತಾನೆ ತೀರಿಕೊಂಡಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರಿಗೆ ಶ್ರದ್ಧಾಂಜಲಿ ಅರ್ಪಿಸಿದರು. ಆ ಸಮ್ಮೇಳನಕ್ಕೆ ಹೋದ ಭಾರತದ ನಿಯೋಗದ ನಾಯಕರು ಸರ್ ಎ. ರಾಮಸ್ವಾಮಿ ಮೊದಲಿಯಾರ್, ಮರುವರ್ಷ ಮೈಸೂರಿನ ದಿವಾನರಾಗಿ ಬಂದವರು ಅವರೇ.

ಇನ್ನು ಹೆಂಗಸರ ವಿಚಾರ. ಹವ್ಯಾಸಿ ಕ್ರೀಡೆಗಳನ್ನು ಆಳುತ್ತಿದ್ದ ಸಂಘದ ಕಟ್ಟಳೆಯಂತೆ ಮಹಿಳೆಯರು ದೂರದ ಓಟದಲ್ಲಿ ಭಾಗವಹಿಸುವಂತಿರಲಿಲ್ಲ. 1918ರಲ್ಲಿ ಯಾರೋ ಜಾಣರು ಇದಕ್ಕೊಂದು ದಾರಿ ಕಂಡುಹಿಡಿದರು. ಅದೇ ಬೆಟ್ಟ, ಅದೇ ದಾರಿ. ಹೆಸರು ಮಾತ್ರ ‘ಓಟ’ವಲ್ಲ, ‘ಕಾಲ್ನಡಿಗೆ’! ನಡಿಗೆಯಲ್ಲಿ ಸ್ವಲ್ಪ ಅವಸರ ಮಾಡಿದರೆ ಬೇಡವೆನ್ನುವವರಾರು? ಎಡಿತ್ ಹಿಕ್‌ಮನ್ ಎಂಬಾಕೆ ಮೊದಲ ವರ್ಷ ಗೆದ್ದಳು. ಐದು ವರ್ಷ ಈ ‘ನಡಿಗೆ’ ಅದ್ದೂರಿಯಾಗಿ ನಡೆಯಿತು. ನಡುವೆ, 1920ರಲ್ಲಿ, ಅಮೆರಿಕದ ಸ್ತ್ರೀಯರಿಗೆ ದೇಶಾದ್ಯಂತ ಮತದಾನದ ಹಕ್ಕೂ ಬಂದಿತು. ಆದರೆ ದೂರದ ಓಟ ಹೆಣ್ಣಿನ ದೇಹಕ್ಕೆ, ಅದರಲ್ಲಿಯೂ ತಾಯ್ತನಕ್ಕೆ, ಅಪಾಯವೆಂಬ ಆಕ್ಷೇಪ ಬಲವಾಗಿ 1922ರ ನಂತರ ಈ ಸ್ಪರ್ಧೆ ನಿಂತುಹೋಯಿತು. ದೇಶವನ್ನು ಆಳುವವರನ್ನು ಆರಿಸಬಹುದು, ಬೆಟ್ಟವನ್ನು ಮಾತ್ರ ಓಡಿ ಹತ್ತಬಾರದು!

ಈ ಭಯ ಒಂದು ಊರಿನದಲ್ಲ, ಒಂದು ಕಾಲದ್ದು. 1928ರ ಒಲಿಂಪಿಕ್ಸಿನಲ್ಲಿ ಮಹಿಳೆಯರ 800 ಮೀಟರ್ ಓಟವನ್ನು ಒಮ್ಮೆ ನಡೆಸಿ, ಅವರು ಬಳಲಿದರೆಂದು ಕೈಬಿಟ್ಟವರು ಮತ್ತೆ ಅದನ್ನು ಸೇರಿಸಿದುದು 1960ರಲ್ಲಿ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದುದು 1984ರಲ್ಲಿ. ಡಿಪ್‌ಸೀಯಲ್ಲಿ ಮಹಿಳೆಯರು ಅಧಿಕೃತವಾಗಿ ಓಡಲು ಅವಕಾಶವಾದುದು 1971ರಲ್ಲಿ. ಎರಡೇ ವರ್ಷಕ್ಕೆ, 1973ರಲ್ಲಿ, ಮೇರಿ ಎಟ್ಟಾ ಬೊಯ್ಟಾನೊ ಎಂಬ ಹತ್ತು ವರ್ಷದ ಹುಡುಗಿ ಎಲ್ಲರನ್ನೂ ಹಿಂದಿಕ್ಕಿ ಗೆದ್ದಳು. ಅರ್ಧ ಶತಮಾನ ಕಾದ ಆಕ್ಷೇಪಕ್ಕೆ ಇದಕ್ಕಿಂತ ಚೊಕ್ಕವಾದ ಉತ್ತರ ಯಾವುದಿದ್ದೀತು?

ಇದನ್ನು ಓದಿ ಪಾಶ್ಚಾತ್ಯರನ್ನು ಹಳಿಯಲು ನಾನು ಸಿದ್ಧನಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳಿದ್ದಳು. ಮೊದಲ ವರ್ಷವೇ ಅಂತರ ಕಾಲೇಜು ಗುಡ್ಡಗಾಡು ಓಟದಲ್ಲಿ ಬಹುಮಾನ ತಂದಳು. ಎರಡನೆಯ ವರ್ಷ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಳು. ಅವಳ ತಂದೆಯನ್ನು ಕಂಡು ಮಾತಾಡಿದೆ. ಮರ್ಯಾದಸ್ಥರು, ಕೂರಿಸಿ ಕಾಫಿ ಕೊಟ್ಟರು. “ಮೇಷ್ಟ್ರೇ, ನೀವು ಹೇಳೋದು ಸರಿ. ಆದರೆ ನಾಳೆ ಇವಳನ್ನ ಕೊಟ್ಟ ಮನೇಲಿ ಏನಂದಾರು?” ಎಂದರು. ಈ ಪ್ರಶ್ನೆಗೆ ನನ್ನ ಬಳಿ ಆಗ ಉತ್ತರವಿರಲಿಲ್ಲ. 1922ರ ವೈದ್ಯರ ಭಯಕ್ಕೂ ಆ ತಂದೆಯ ಭಯಕ್ಕೂ ವೇಷ ಬೇರೆ, ಒಡಲು ಒಂದೇ. ಎರಡರಲ್ಲಿಯೂ ಹುಡುಗಿಯ ಹಿತವನ್ನು ಹುಡುಗಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲರೂ ಬಲ್ಲರು.

ಡಿಪ್‌ಸೀಯ ಚರಿತ್ರೆಯನ್ನು ಹೇಳುವವರು ಜ್ಯಾಕ್ ಕರ್ಕ್ ಎಂಬವರನ್ನು ಬಿಡುವಂತಿಲ್ಲ. 1906ರಲ್ಲಿ ಹುಟ್ಟಿದ ಈತ 1930ರಲ್ಲಿ ಮೊದಲ ಬಾರಿಗೆ ಈ ದಾರಿಯಲ್ಲಿ ಓಡಿದರು. ಅಲ್ಲಿಂದ 2002ರವರೆಗೆ, ಓಟ ನಡೆದ ಒಂದು ವರ್ಷವನ್ನೂ ತಪ್ಪಿಸದೆ, ಒಟ್ಟು 67 ಬಾರಿ ಗುರಿ ಮುಟ್ಟಿದರು. ಕೊನೆಯ ಸಲ ಮುಟ್ಟಿದಾಗ ವಯಸ್ಸು ತೊಂಬತ್ತೈದು. ಗೆದ್ದುದು ಎರಡೇ ಸಲ, 1951 ಮತ್ತು 1967ರಲ್ಲಿ. ತೊಂಬತ್ತಾರರಲ್ಲಿ ಮತ್ತೆ ಹೊರಟರು, ದೇಹ ಸಹಕರಿಸಲಿಲ್ಲ. 2007ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಅರುವತ್ತೇಳು ಓಟಗಳಲ್ಲಿ ಅರುವತ್ತೈದನ್ನು ಸೋತ ಮನುಷ್ಯನನ್ನು ಆ ಜನ ‘ಡಿಪ್‌ಸೀಯ ಭೂತ’ ಎಂದು ಪ್ರೀತಿಯಿಂದ ಕರೆದು ಆದರಿಸಿದರು. ಗೆಲುವಿನ ಪಟ್ಟಿಯನ್ನಷ್ಟೇ ನೋಡುವವರಿಗೆ ಈ ಆದರದ ಕಾರಣ ತಿಳಿಯಲಾರದು.

ನಾನು ಈ ದಾರಿಯನ್ನು ಓಡಿದವನಲ್ಲ, ನಡೆದವನು. ಆ ಕಡೆ ಕೆಲಸದಲ್ಲಿರುವ ತಮ್ಮನ ಮನೆಗೆ ಬೇಸಗೆ ರಜೆಯಲ್ಲಿ ಹೋಗಿದ್ದಾಗ ಅವನು ನನ್ನನ್ನು ಕರೆದೊಯ್ದ. ಮೆಟ್ಟಿಲುಗಳ ಸಾಲು ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಸಾಲು ಎದುರಾಗುತ್ತದೆ. ಅವುಗಳ ಎಡಬಲಗಳಲ್ಲಿ ಜನರ ಮನೆಗಳಿವೆ. ಬೆಟ್ಟದ ನೆತ್ತಿಯ ಸಮೀಪದ ಏರಿಗೆ ‘ಕಾರ್ಡಿಯಾಕ್’ ಎಂದು ಹೆಸರು, ಎಂದರೆ ಹೃದಯದ ಗುಡ್ಡ. ಅಲ್ಲಿಗೆ ತಲುಪಿದಾಗ ಹೆಸರಿಟ್ಟವರ ಭಾಷಾಜ್ಞಾನಕ್ಕೆ ಮನಸಾರೆ ನಮಿಸಿದೆ. ಕೆಳಗೆ ಮಂಜು ಹಾಲಿನಂತೆ ಕಣಿವೆಯನ್ನು ತುಂಬಿತ್ತು. ಕಡಲು ಕಾಣಲಿಲ್ಲ, ಅದರ ಮೊರೆತ ಕೇಳುತ್ತಿತ್ತು. ಏಳೂವರೆ ಮೈಲಿಗೆ ನಮಗೆ ಹಿಡಿದದ್ದು ಐದು ಗಂಟೆ. ಉತ್ತಮ ಓಟಗಾರರು ಇದನ್ನು ಐವತ್ತು ನಿಮಿಷದೊಳಗೆ ಮುಗಿಸುತ್ತಾರೆ.

ಮೊದಲಿನ ಕಾಲದಲ್ಲಿ ಇಂಥದೇ ದಾರಿ ಹಿಡಿಯಬೇಕೆಂಬ ನಿರ್ಬಂಧವಿರಲಿಲ್ಲ. ಓಟಗಾರರು ತಂತಮ್ಮ ಒಳದಾರಿಗಳನ್ನು ಅಡುಗೆಯ ಗುಟ್ಟಿನಂತೆ ಕಾಪಾಡಿಕೊಳ್ಳುತ್ತಿದ್ದರು. ಸಾವಿರಾರು ಪಾದಗಳು ಹಾಯ್ದು ಮಣ್ಣು ಸವೆದು, ಮಳೆನೀರು ಅದೇ ಹಾದಿ ಹಿಡಿದು ಕೊರಕಲು ಬೀಳತೊಡಗಿದ ಮೇಲೆ ಉದ್ಯಾನದವರು ಕೆಲವು ಒಳದಾರಿಗಳನ್ನು ಮುಚ್ಚಿದರು. ಓಡುವವರ ಸಂಖ್ಯೆಯನ್ನೂ ಸುಮಾರು ಸಾವಿರದೈನೂರಕ್ಕೆ ಮಿತಿಗೊಳಿಸಿದ್ದಾರೆ. ಕಾಡನ್ನು ಪ್ರೀತಿಸುವವರ ಕಾಲೇ ಕಾಡಿಗೆ ಭಾರವಾಗುವ ಈ ಸಂಕಟ ಕುದುರೆಮುಖ, ಕುಮಾರಪರ್ವತಗಳ ಚಾರಣಿಗರನ್ನು ಕಂಡ ನಮಗೂ ಹೊಸದಲ್ಲ.

ಈ ಓಟದ ಬಗ್ಗೆ ಸಹೋದ್ಯೋಗಿಗಳಿಗೆ ಹೇಳಿದಾಗ ಒಬ್ಬರು ಕೇಳಿದರು: “ಎಲ್ಲರಿಗಿಂತ ವೇಗವಾಗಿ ಓಡಿದವನು ಐವತ್ತನೆಯವನಾಗಿ ಬರುವುದು ನ್ಯಾಯವೇನ್ರಿ?” ಆಕ್ಷೇಪ ತೆಗೆದುಹಾಕುವಂಥದಲ್ಲ. ಅದಕ್ಕೆಂದೇ ಅತಿ ಕಡಿಮೆ ಹೊತ್ತಿನಲ್ಲಿ ಓಡಿದವರನ್ನು ಅಲ್ಲಿ ಪ್ರತ್ಯೇಕವಾಗಿ ಗೌರವಿಸುತ್ತಾರೆ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಎಂಟರ ಹುಡುಗಿ, ಇಪ್ಪತ್ತೈದರ ಯುವಕ, ಎಪ್ಪತ್ತೆರಡರ ಅಜ್ಜ ಇವರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ ಒಂದೇ ಸೀಟಿ ಊದಿದರೆ, ಗೆಲ್ಲುವವರಾರೆಂಬುದು ಓಟಕ್ಕೆ ಮೊದಲೇ ಗೊತ್ತಾಗಿರುವುದಿಲ್ಲವೆ? ಗೆರೆ ಒಂದೇ ಆದ ಮಾತ್ರಕ್ಕೆ ಸ್ಪರ್ಧೆ ಸಮವಾಯಿತೆ?

ನಮ್ಮಲ್ಲಿ ಮೀಸಲಾತಿಯ ಮಾತು ಬಂದಾಗಲೆಲ್ಲ ಈ ಎರಡು ಪ್ರಶ್ನೆಗಳೇ ಬೇರೆ ಮಾತುಗಳಲ್ಲಿ ಎದುರುಬದುರಾಗುತ್ತವೆ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ವಯಸ್ಸಿನ ಭಾರವನ್ನು ಗಡಿಯಾರ ಅಳೆದೀತು; ತಲೆಮಾರುಗಳ ಭಾರವನ್ನು ಅಳೆಯುವ ಗಡಿಯಾರವಿಲ್ಲ. ಓಟದಲ್ಲಿ ಸೋತವನು ಮನೆಗೆ ಹೋಗಿ ಉಂಡು ಮಲಗುತ್ತಾನೆ. ಬದುಕಿನಲ್ಲಿ ಸೋತವನಿಗೆ ಊಟವೇ ಪ್ರಶ್ನೆ. ಆದರೂ ಒಂದು ಮಾತನ್ನು ಈ ಚರಿತ್ರೆಯಿಂದ ಕಲಿಯಬಹುದು. ಅಲ್ಲಿಯವರು ನಿಮಿಷಗಳ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಡಲಿಲ್ಲ. ನೂರು ವರ್ಷಗಳಲ್ಲಿ ಮತ್ತೆ ಮತ್ತೆ ತಿದ್ದಿದರು, ಜಗಳವಾಡಿದರು, ಪುನಃ ತಿದ್ದಿದರು. ಲೆಕ್ಕವೇ ಬೇಡ, ಎಲ್ಲರೂ ಒಟ್ಟಿಗೆ ಓಡಲಿ ಎಂದು ಮಾತ್ರ ಕೈಬಿಡಲಿಲ್ಲ. ಹೊಸಬರಿಗೆ ಬಾಗಿಲು ತೆರೆದಾಗಲೆಲ್ಲ ಪಂದ್ಯದ ಘನತೆ ಇಳಿದೀತೆಂದು ಹೆದರಿದವರಿದ್ದರು. ಇಳಿಯಲಿಲ್ಲ. 2020ರಲ್ಲಿ ಸೋಂಕಿನ ಕಾರಣದಿಂದ ಒಮ್ಮೆ ನಿಂತುದು ಬಿಟ್ಟರೆ, ಯುದ್ಧಾನಂತರ ಅದು ತಡೆಯಿಲ್ಲದೆ ನಡೆದುಕೊಂಡು ಬಂದಿದೆ.

ನಮ್ಮ ಕಾಲೇಜಿನ ವಾರ್ಷಿಕ ಕ್ರೀಡಾಕೂಟದಲ್ಲಿ ಅಧ್ಯಾಪಕರಿಗೂ ನೂರು ಮೀಟರಿನ ಓಟ ಉಂಟು. ಪ್ರತಿವರ್ಷವೂ ಎನ್.ಸಿ.ಸಿ. ನೋಡಿಕೊಳ್ಳುವ ತರುಣ ಅಧ್ಯಾಪಕರೇ ಗೆಲ್ಲುತ್ತಾರೆ. ಸ್ಟೀಲಿನ ಡಬ್ಬಿಯೂ ಅವರಿಗೇ. ಈ ಸಲ ವಯಸ್ಸಿಗೆ ತಕ್ಕಂತೆ ಹಿಂದುಮುಂದಾಗಿ ಬಿಡೋಣವೇ ಎಂದು ದೈಹಿಕ ಶಿಕ್ಷಣದ ನಿರ್ದೇಶಕರನ್ನು ಕೇಳಿದೆ. ಅವರು ನಕ್ಕು, “ಆಗಬಹುದು ಸಾರ್, ಆದರೆ ಸಂಸ್ಕೃತ ವಿಭಾಗದ ಮೇಡಂಗೆ ಎಷ್ಟು ಸೆಕೆಂಡು ಅಂತ ನೀವೇ ಹೋಗಿ ವಯಸ್ಸು ಕೇಳಿಕೊಂಡು ಬನ್ನಿ” ಎಂದರು. ಡಿಪ್‌ಸೀಯ ಅಧಿಕಾರಿಗಳ ಕಷ್ಟ ಎಂಥದೆಂಬುದು ನನಗೆ ಆಗ ಅರ್ಥವಾಯಿತು. ಆದರೂ ಪಟ್ಟಿಯನ್ನು ಬರೆಯಲು ಕುಳಿತಿದ್ದೇನೆ.